ಮೆಮೊರಿಯಲ್ಲೂ ಹೂಳು!

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯವರಿಗೆ ಹೂಳೆಂದರೇನೆಂದು ವಿವರಿಸಬೇಕಿಲ್ಲ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 2016ರ ಅಳತೆಯ ಹೊತ್ತಿಗೆ ಸುಮಾರು 105.8ಕ್ಕೆ ಇಳಿದಿತ್ತು. ಒಂದು ದಿನ ನೋಡಿದರೆ ಏನೂ ಕಾಣದು. ವರ್ಷಗಳ ಲೆಕ್ಕ ಇಟ್ಟರೆ ಮಾತ್ರ ನಷ್ಟ ತಿಳಿಯುತ್ತದೆ. ಕಂಪ್ಯೂಟರಿನ ಮೆಮೊರಿಯಲ್ಲೂ ಹೀಗೆ ಹೂಳು ತುಂಬುವುದುಂಟು.

ಅನೇಕರ ಕೋರಿಕೆಗಳಿಗೆ ಉತ್ತರಿಸುವ ಕಂಪ್ಯೂಟರೇ ಸರ್ವರ್. ಪ್ರತಿ ಕೋರಿಕೆಗೂ ಪ್ರೋಗ್ರಾಂ ಸ್ವಲ್ಪ ಮೆಮೊರಿ ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. ಹಿಂದಿರುಗಿಸದಿದ್ದರೆ? ಉತ್ತರವೇನೋ ಸರಿಯಾಗಿಯೇ ಬರುತ್ತದೆ. ಆದರೆ ಕೋರಿಕೆಗೆ 4 ಕಿಲೋಬೈಟಿನಂತೆ ಉಳಿದರೂ, 10 ಲಕ್ಷ ಕೋರಿಕೆಗಳಿಗೆ ಸುಮಾರು 4 ಗಿಗಾಬೈಟ್ ಆಗುತ್ತದೆ! ಇದೇ ಮೆಮೊರಿ ಸೋರಿಕೆ.

1992ರ ನವೆಂಬರ್ 4ರ ನಸುಕಿನಲ್ಲಿ ಲಂಡನ್ ಆಂಬುಲೆನ್ಸ್ ಸೇವೆಯ ಕಂಪ್ಯೂಟರ್ ವ್ಯವಸ್ಥೆ ನಿಧಾನವಾಗಿ, ಕೊನೆಗೆ ನಿಂತೇಹೋಯಿತು. ಸಿಬ್ಬಂದಿ ತಮ್ಮ ಮುಂದಿನ ಯಂತ್ರಗಳನ್ನು ಆರಿಸಿ ಮತ್ತೆ ಹಚ್ಚಿದರೂ ಫಲವಾಗಲಿಲ್ಲ. ಕಾಗದದ ಮೇಲೆ ಬರೆದುಕೊಂಡು ವಾಹನ ಕಳಿಸಬೇಕಾಯಿತು. ತನಿಖೆಯಿಂದ ತಿಳಿದದ್ದೇನು? ಮೂರು ವಾರಗಳ ಹಿಂದೆ ಪ್ರೋಗ್ರಾಮಿನಲ್ಲಿ ಉಳಿದಿದ್ದ ಒಂದು ಸಣ್ಣ ತುಣುಕು, ಪ್ರತಿ ಸಲ ವಾಹನ ಕಳಿಸಿದಾಗಲೂ ಸರ್ವರಿನ ಮೆಮೊರಿ ಪಡೆದು ಬಿಡದೇ ಇತ್ತು. ರೋಗಿಗಳ ಪ್ರಾಣದ ಪ್ರಶ್ನೆಯಿದ್ದ ಕಡೆ ಇಷ್ಟು ಸಣ್ಣ ತಪ್ಪು!

ಇಂದಿನ ಪೈಥಾನ್, ಜಾವಾಸ್ಕ್ರಿಪ್ಟ್ ಭಾಷೆಗಳು ಬೇಡವಾದ ಮೆಮೊರಿಯನ್ನು ತಾವೇ ತೆರವು ಮಾಡುತ್ತವೆ. ಹಾಗೆಂದು ನಿಶ್ಚಿಂತರಾಗಬೇಡಿ. ಸದಾ ಬಳಕೆಯಲ್ಲಿರುವ ಪಟ್ಟಿಯೊಂದಕ್ಕೆ ಸೇರಿಸುತ್ತಲೇ ಹೋದರೆ, ಅದೆಲ್ಲ ಬೇಕಾದದ್ದೇ ಎಂದು ಭಾಷೆ ಭಾವಿಸುತ್ತದೆ.

ಹಾಗಾದರೆ ಕಳ್ಳನನ್ನು ಹಿಡಿಯುವುದು ಹೇಗೆ? ಪ್ರೋಗ್ರಾಮಿನ ಒಂದೇ ಕೆಲಸವನ್ನು ಸಾವಿರ ಸಲ ಮಾಡಿಸಿ, ಪ್ರತಿ ನೂರಕ್ಕೊಮ್ಮೆ ಮೆಮೊರಿ ಬರೆದಿಟ್ಟು ನಕ್ಷೆ ಎಳೆಯಿರಿ. ಗೆರೆ ಏರಿ ಇಳಿದರೆ ಭಯವಿಲ್ಲ. ಏರುತ್ತಲೇ ಹೋದರೆ ಅನುಮಾನಿಸಿ. ಅರ್ಧ ಕೆಲಸ ನಿಲ್ಲಿಸಿ ಮತ್ತೆ ಅಳೆಯಿರಿ. ಏರಿಕೆ ನಿಂತರೆ ತಪ್ಪು ನಿಲ್ಲಿಸಿದ ಅರ್ಧದಲ್ಲಿದೆ. ಇಲ್ಲದಿದ್ದರೆ ಉಳಿದ ಅರ್ಧದಲ್ಲಿ ಹುಡುಕಿ. ಹೀಗೆ ಹತ್ತು ಸಲ ಅರ್ಧಿಸಿದರೆ ಸಾವಿರ ಸಾಲುಗಳಲ್ಲಿ ಒಂದು ಸಾಲಿನ ಹತ್ತಿರ ಬರಬಹುದು. ಸರ್ವರನ್ನು ಆರಿಸಿ ಹಚ್ಚುವುದು ತಾತ್ಕಾಲಿಕ ಉಪಶಮನವೇ ಹೊರತು ಚಿಕಿತ್ಸೆಯಲ್ಲ.

ಪಾಲಕರಲ್ಲಿ ಒಂದು ಮಾತು. ಮಗ ಅಥವಾ ಮಗಳು "ನನ್ನ ಪ್ರೋಗ್ರಾಂ ಸರಿಯಾಗಿದೆ" ಎಂದಾಗ, ಕಂಪ್ಯೂಟರ್ ತಿಳಿಯದವರೂ ಕೇಳಬಹುದಾದ ಪ್ರಶ್ನೆ ಇದು: "ಸಾವಿರ ಸಲ ಓಡಿಸಿ ನೋಡಿದೆಯಾ?" ಒಮ್ಮೆ ಸರಿಯುತ್ತರ ಬಂದ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ.