ಔಷಧೋದ್ಯಮದ ಮೇಲಿನ ದೂರುಗಳು ಮತ್ತು ಮಂಗನ ಕಾಯಿಲೆ ಲಸಿಕೆಯ ಲೆಕ್ಕ

ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ತಿಂಗಳುಗಳೂ ಮಂಗನ ಕಾಯಿಲೆಯ ತಿಂಗಳುಗಳೂ ಒಂದರೊಳಗೊಂದು ಸೇರಿಕೊಂಡಿವೆ. ಅರಳಸುರಳಿಯಿಂದ ಹಿಡಿದು ಹೊಸನಗರ, ಸಾಗರ ತಾಲ್ಲೂಕುಗಳವರೆಗೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ತರಲು ಜನರು ಕಾಡಿಗೆ ಹೋಗುವ ಬೇಸಿಗೆಯ ದಿನಗಳಲ್ಲಿಯೇ ರೋಗ ಹರಡುವ ಉಣುಗುಗಳೂ ಹೆಚ್ಚಾಗಿರುತ್ತವೆ. ಮಂಗ ಸತ್ತ ಸುದ್ದಿ ಹಬ್ಬಿದ ಊರಿಗೆ ಕೊನೆಗಾರರೂ ಅಡಿಕೆ ಸುಲಿಯುವವರೂ ಬರಲು ಹಿಂಜರಿಯುತ್ತಾರೆ. ಆದ್ದರಿಂದ ಇದು ಆರೋಗ್ಯ ಇಲಾಖೆಗೆ ಮಾತ್ರ ಸೇರಿದ ವಿಷಯವಲ್ಲ, ಮಂಡಿ ವರ್ತಕರ ವಿಷಯವೂ ಹೌದು.

ಇಂತಹ ಸಮಯದಲ್ಲಿ ಅಂಗಡಿ ಕಟ್ಟೆಗಳಲ್ಲಿ ಔಷಧ ಕಂಪೆನಿಗಳ ಮೇಲೆ ಹಲವು ದೂರುಗಳು ಕೇಳಿಬರುತ್ತವೆ. ಬಡವರ ಕಾಯಿಲೆಗೆ ಯಾರೂ ಮದ್ದು ತಯಾರಿಸುವುದಿಲ್ಲ. ಲಸಿಕೆ ಹಾಕಿಸಿಕೊಂಡವರಿಗೇ ಕಾಯಿಲೆ ಬಂತು. ಅಗ್ಗದ ಮಾತ್ರೆಯಲ್ಲಿ ಇರುವುದು ಸೀಮೆಸುಣ್ಣ. ರೋಗ ಪೂರ್ತಿ ವಾಸಿಯಾಗುವುದು ಕಂಪೆನಿಗಳಿಗೆ ಬೇಕಾಗಿಲ್ಲ. ಈ ಮಾತುಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ನಂಬುವುದೂ ಸುಲಭ. ಖಾತೆಯ ಎರಡೂ ಬದಿಗಳನ್ನು ನೋಡಿ ಅಭ್ಯಾಸವಿರುವ ವರ್ತಕರು ಎರಡನ್ನೂ ಮಾಡಬೇಕಾಗಿಲ್ಲ.

ಮೊದಲನೆಯ ದೂರಿನಲ್ಲಿ ನಿಜಾಂಶವಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಗುರುತಿಸಲ್ಪಟ್ಟದ್ದು 1957ರಲ್ಲಿ. ಇಷ್ಟು ವರ್ಷಗಳಾದರೂ ಇದರ ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ; ಲಕ್ಷಣಗಳಿಗೆ ಶುಶ್ರೂಷೆ ಮಾತ್ರ. ಆದರೆ ಇದಕ್ಕೆ ಯಾರೋ ಹೂಡಿದ ಸಂಚು ಕಾರಣವೆನ್ನುವ ಮೊದಲು ಸ್ಥಿರ ವೆಚ್ಚವನ್ನು ಗಣನೆಗೆ ತೆಗೆದುಕೊಳ್ಳಬೇಕು. ಲಸಿಕೆ ಘಟಕವೊಂದರ ಶುದ್ಧಗಾಳಿ ಕೊಠಡಿ, ಶೀತಲ ವ್ಯವಸ್ಥೆ, ಪರೀಕ್ಷಾ ಪ್ರಯೋಗಾಲಯ, ತಜ್ಞರ ಸಂಬಳ, ಇವೆಲ್ಲ ಸೇರಿ ವರ್ಷಕ್ಕೆ 20 ಕೋಟಿ ರೂಪಾಯಿ ತಗಲುತ್ತದೆಂದು ಲೆಕ್ಕಕ್ಕಾಗಿ ಊಹಿಸೋಣ. ದೇಶದ ಮಕ್ಕಳಿಗೆಲ್ಲ ಬೇಕಾದ ಲಸಿಕೆಯಾಗಿ 5 ಕೋಟಿ ಡೋಸು ಹೋದರೆ ಡೋಸೊಂದಕ್ಕೆ ಬೀಳುವ ಸ್ಥಿರ ವೆಚ್ಚ 4 ರೂಪಾಯಿ. ಪಶ್ಚಿಮ ಘಟ್ಟದ ಕೆಲವು ತಾಲ್ಲೂಕುಗಳಿಗೆ ಬೇಕಾದ 5 ಲಕ್ಷ ಡೋಸು ಮಾತ್ರ ಹೋದರೆ ಅದೇ ವೆಚ್ಚ 400 ರೂಪಾಯಿ! ಕೊಳ್ಳುವವರೂ ಒಬ್ಬರೇ, ಸರ್ಕಾರ. ಒಂದು ವರ್ಷ ಕೊಂಡು ಮರುವರ್ಷ ಕೊಳ್ಳದಿದ್ದರೆ ಮಾಲು ಶೀತಲ ಕೊಠಡಿಯಲ್ಲೇ ಅವಧಿ ಮೀರುತ್ತದೆ. ಇಂತಹ ಗಿರಾಕಿಯನ್ನು ನಂಬಿ ಅಕ್ಕಿ ಗಿರಣಿ ಹಾಕುವವರೂ ಸಿಗಲಾರರು.

ಖಾಸಗಿಯವರು ಬಾರದ ಕಡೆ ಸರ್ಕಾರಿ ಸಂಸ್ಥೆಗಳು ಬಂದವು. ಆರಂಭದ ವರ್ಷಗಳಲ್ಲಿ ರಷ್ಯಾದ ಉಣುಗು ಜ್ವರದ ವೈರಾಣುವಿನಿಂದ ತಯಾರಿಸಿದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿ, ಫಲ ಕಾಣದೆ ಬಿಡಲಾಗಿತ್ತು. ಬಳಿಕ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಮಂಗನ ಕಾಯಿಲೆಯ ವೈರಾಣುವನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. ಅದು ತಯಾರಾಗುತ್ತಿದ್ದುದು ಬೆಂಗಳೂರು ಹೆಬ್ಬಾಳದಲ್ಲಿ, ಜಾನುವಾರುಗಳ ಲಸಿಕೆ ತಯಾರಿಸುವ ರಾಜ್ಯ ಸರ್ಕಾರದ ಸಂಸ್ಥೆಯಲ್ಲಿ. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳ ನಂತರ ಬಲವರ್ಧಕ ಡೋಸು, ಆಮೇಲೂ ವರ್ಷಕ್ಕೊಂದು. ಚುಚ್ಚಿದ ಜಾಗದ ನೋವು ಬಲವಾಗಿರುತ್ತಿತ್ತು. ದಿನಗೂಲಿ ಬಿಟ್ಟು ಮತ್ತೆ ಮತ್ತೆ ನೋವು ತಿನ್ನಲು ಯಾರು ತಾನೇ ಬರುತ್ತಾರೆ?

‘ಹಾಕಿಸಿಕೊಂಡವರಿಗೇ ಬಂತು’ ಎಂಬ ದೂರಿನ ಬೇರು ಇಲ್ಲಿದೆ. 2005ರಿಂದ 2010ರವರೆಗಿನ ಅಂಕಿಅಂಶಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಎರಡು ಡೋಸು ಪಡೆದವರಲ್ಲಿ ರಕ್ಷಣೆ ಸುಮಾರು ಶೇ 62. ಬಲವರ್ಧಕವನ್ನೂ ಪಡೆದವರಲ್ಲಿ ಸುಮಾರು ಶೇ 83. ಒಂದು ಸೂಜಿ ಚುಚ್ಚಿಸಿಕೊಂಡು ನೋವು ತಾಳದೆ ಬಿಟ್ಟವರಿಗೆ ಕಾಯಿಲೆ ಬಂದಿದ್ದರೆ ಅವರ ಮಾತು ಸುಳ್ಳಲ್ಲ. ಆದರೆ ಒಂದು ಕಂತು ಕಟ್ಟಿ ನಿಲ್ಲಿಸಿದ ವಿಮೆಯಂತಾಯಿತು ಅದು. ಪೂರ್ತಿ ಪಡೆದವರಲ್ಲಿಯೂ ಎಲ್ಲರಿಗೂ ರಕ್ಷಣೆ ಇರಲಿಲ್ಲವೆಂಬುದನ್ನು ಆಗಲೇ ನೇರವಾಗಿ ಹೇಳಿದ್ದರೆ ಜನರ ವಿಶ್ವಾಸ ಇಷ್ಟು ಕೆಡುತ್ತಿರಲಿಲ್ಲ.

2018–19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ರೋಗ ಉಲ್ಬಣಿಸಿ ಸಾವುಗಳಾದವು. ಲಸಿಕೆಯ ಸಾಮರ್ಥ್ಯ ಸಾಲದೆಂಬ ಕಾರಣದಿಂದ 2022ರಲ್ಲಿ ಅದರ ಬಳಕೆಯೇ ನಿಂತಿತು. ನಿಲ್ಲಿಸಿದ್ದು ತಪ್ಪಲ್ಲ, ಕೆಲಸ ಮಾಡದ ಲಸಿಕೆ ಸುಳ್ಳು ಧೈರ್ಯ ಕೊಟ್ಟು ಕಾಡಿಗೆ ಕಳುಹಿಸುತ್ತದೆ. ಬದಲಿ ಸಿದ್ಧವಿಲ್ಲದೆ ನಿಲ್ಲಿಸುವ ಪರಿಸ್ಥಿತಿ ಬಂದದ್ದು ತಪ್ಪು. ಲಾಭಬಡುಕ ಕಂಪೆನಿಗಳನ್ನು ದೂರುವ ಬಾಯಿಗಳು ಲಾಭದ ಉದ್ದೇಶವೇ ಇಲ್ಲದ ಈ ವೈಫಲ್ಯದ ಬಗ್ಗೆ ಏಕೆ ಮೌನವಾಗಿವೆ? ಗುಣಮಟ್ಟದ ಪರೀಕ್ಷೆಯಲ್ಲಿ ಸರ್ಕಾರಿ ತಯಾರಕರಿಗೆ ಒಂದು ಅಳತೆ, ಖಾಸಗಿಯವರಿಗೆ ಇನ್ನೊಂದು ಇರಬಾರದು.

ಅಗ್ಗದ ಮಾತ್ರೆಯ ವಿಷಯ ಬೇರೆ. ಬ್ರ್ಯಾಂಡ್ ಮಾತ್ರೆಯ ಬೆಲೆಯಲ್ಲಿ ಪ್ರಚಾರ, ಪ್ರತಿನಿಧಿಗಳ ಸಂಚಾರ, ವಿತರಣಾ ಲಾಭಾಂಶಗಳ ಪಾಲು ದೊಡ್ಡದು. ಜನೌಷಧಿ ಮಾತ್ರೆಗೆ ಆ ಹೊರೆ ಕಡಿಮೆ. ಕಾನೂನು ಇಬ್ಬರಿಗೂ ವಿಧಿಸುವುದು ಒಂದೇ ಔಷಧಕೋಶದ ಮಾನದಂಡ. ಹಾಗೆಂದು ಎಲ್ಲವೂ ಸರಿಯಿದೆ ಎನ್ನುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ರಕ್ತನಾಳಕ್ಕೆ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಬಂದುದನ್ನು ರಾಜ್ಯ ಮರೆತಿಲ್ಲ. ಕೇಂದ್ರ ಔಷಧ ನಿಯಂತ್ರಕರು ತಿಂಗಳು ತಿಂಗಳು ಪ್ರಕಟಿಸುವ ಗುಣಮಟ್ಟ ಸಾಲದ ಔಷಧಗಳ ಪಟ್ಟಿಯಲ್ಲಿ ದುಬಾರಿ ಹೆಸರುಗಳೂ ಕಾಣಿಸಿಕೊಂಡಿವೆ. ಬೆಲೆ ನೋಡಿ ಗುಣ ಅಳೆಯಲಾಗದು. ಪ್ರತಿ ಬ್ಯಾಚಿನ ಪರೀಕ್ಷೆಯೇ ಬೇಕು.

ವಾಸಿಮಾಡುವ ಮದ್ದನ್ನು ಬಚ್ಚಿಡುತ್ತಾರೆಂಬ ಮಾತಿಗೆ ಹೆಪಟೈಟಿಸ್-ಸಿ ಔಷಧ ಸೊಫೋಸ್ಬುವಿರ್ ಉತ್ತರ. 2013ರಲ್ಲಿ ಅಮೆರಿಕದಲ್ಲಿ ಒಂದು ಚಿಕಿತ್ಸಾ ಅವಧಿಗೆ 84,000 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ಅದು ರೋಗವನ್ನು ನಿಜವಾಗಿಯೂ ವಾಸಿಮಾಡಿತು. ಬಚ್ಚಿಡಲಿಲ್ಲ, ದುಬಾರಿ ಮಾಡಿ ಮಾರಿದರು. ದೂರುವುದಿದ್ದರೆ ಅದನ್ನು ದೂರಬೇಕು.

ಮತ್ತೆ ಮಂಗನ ಕಾಯಿಲೆಗೆ ಬರೋಣ. ಹೊಸ ಲಸಿಕೆಯ ಅಭಿವೃದ್ಧಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಕೈಜೋಡಿಸಿರುವುದು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್. ಅದು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯ ಅಂಗಸಂಸ್ಥೆ. ಸಂಶೋಧನೆಗೆ ಹಣ ಒದಗಿಸಿದರೆ ಲಸಿಕೆ ಒಮ್ಮೆ ಹುಟ್ಟಬಹುದು. ವರ್ಷ ವರ್ಷವೂ ತಯಾರಾಗಬೇಕಾದರೆ ಖರೀದಿಯ ಭರವಸೆ ಬೇಕು. ರೋಗ ಈಗ ಶಿವಮೊಗ್ಗಕ್ಕೆ ಸೀಮಿತವಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರು ದಾಟಿ ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಾಣಿಸಿಕೊಂಡಿದೆ. ಈ ರಾಜ್ಯಗಳು ಕೇಂದ್ರದೊಡನೆ ಸೇರಿ, ಐದು ವರ್ಷಕ್ಕಾದರೂ ಇಂತಿಷ್ಟು ಡೋಸು ಕೊಳ್ಳುವ ಜಂಟಿ ಕರಾರು ಮಾಡಿಕೊಂಡರೆ ಮೇಲೆ ಹೇಳಿದ 400 ರೂಪಾಯಿಯ ಲೆಕ್ಕ ತಾನಾಗಿ ಇಳಿಯುತ್ತದೆ.

ಪ್ರತಿ ಆಯವ್ಯಯಕ್ಕೆ ಮುನ್ನ ಅಡಿಕೆ ಆಮದು, ತೆರಿಗೆ, ರಸ್ತೆಗಳ ಬಗ್ಗೆ ಮನವಿ ಸಲ್ಲಿಸುವ ವಾಣಿಜ್ಯ ಸಂಘಗಳು ಈ ಕರಾರಿನ ಬೇಡಿಕೆಯನ್ನೂ ಅದೇ ಮನವಿಯಲ್ಲಿ ಸೇರಿಸಬೇಕು. ಅಲ್ಲಿಯವರೆಗೆ, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ತೈಲ ಆಸ್ಪತ್ರೆಯ ಉಗ್ರಾಣದಲ್ಲಿ ಉಳಿಯದೆ, ಡಿಸೆಂಬರಿಗೆ ಮೊದಲೇ ಅಡಿಕೆ ಮಂಡಿಗಳಲ್ಲೂ ಸಹಕಾರಿ ಸಂಘಗಳಲ್ಲೂ ಕೂಲಿಯವರ ಕೈಗೆ ಸಿಗುವಂತೆ ಆರೋಗ್ಯ ಇಲಾಖೆಯೊಡನೆ ಮಾತನಾಡುವುದು ವರ್ತಕರಿಂದಲೇ ಆಗಬಹುದಾದ ಕೆಲಸ.