ದುಡಿಯುವವನ ತಟ್ಟೆಯಲ್ಲಿ ಏನಿದೆ?

ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಸುಸ್ತು, ಅವನ ಮನೆಯಾಕೆಗೆ ತಲೆಸುತ್ತು. ಟಾನಿಕ್ ಸೀಸೆಗೆ ದಿನದ ಕೂಲಿ ಹೋಗುತ್ತದೆ. ಕಾಯಿಲೆಯ ಬೇರು ಅನೇಕ ವೇಳೆ ಊಟದ ತಟ್ಟೆಯಲ್ಲಿದೆ.

ಎಲುಬಿಗೆ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶ, ರಕ್ತಕ್ಕೆ ಕಬ್ಬಿಣ, ಗಂಟಲಿನ ಗ್ರಂಥಿಗೆ ಅಯೋಡಿನ್ ಬೇಕು. ದೇಹ ಇವನ್ನು ತಾನೇ ತಯಾರಿಸಲಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ!

ಕುಕ್ಕುವಾಡದ ಸೀಮೆ ಇಂದು ಭತ್ತ, ಕಬ್ಬಿನ ಸೀಮೆ. ಬೆಳೆ ಬಂದದ್ದು ಸಂತೋಷವೇ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಬಿಳಿ ಸಕ್ಕರೆಯಲ್ಲಿ ಖನಿಜವೇ ಇಲ್ಲವೆನ್ನಬೇಕು.

ಮುದ್ದೆ, ಸೊಪ್ಪು, ಹುರುಳಿಕಾಳು ಬಿಡಬೇಡಿ. ನಿಂಬೆ ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುತ್ತದೆ; ಊಟದೊಡನೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಅಂಗಡಿಕಾರ ಬಂಧುಗಳು ಅಯೋಡಿನ್ ಉಪ್ಪನ್ನೇ ಮಾರಲಿ, ತೇವ ತಾಗದಂತೆ ಇಡಲಿ. ಸುಸ್ತು ಬಿಡದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಬರೀ ಬುದ್ಧಿವಾದದಿಂದ ಹೊಟ್ಟೆ ತುಂಬದು. ಪಡಿತರದಲ್ಲಿ ಅಕ್ಕಿಯ ಜೊತೆ ರಾಗಿ, ಬೇಳೆ ತಪ್ಪದೆ ಸಿಗಬೇಕು. ಸೊಪ್ಪು, ಕಾಳು ಕೊಳ್ಳುವಷ್ಟು ಕೂಲಿ ಕೈಗೆ ಬರಬೇಕು. ಇದು ಭಿಕ್ಷೆಯಲ್ಲ, ದುಡಿಯುವ ದೇಹದ ಹಕ್ಕು.