ಸೊಲ್ಲಾಪುರದ ಕಾನೂನು ಶಿಕ್ಷಣ ಮತ್ತು ಕನ್ನಡ ಕಕ್ಷಿದಾರ

ಖಾಸಗಿ ವಿಶ್ವವಿದ್ಯಾಲಯಗಳ ಕಾನೂನು ಶಾಲೆಗಳು ಪ್ರಕಟಿಸುವ ಪರಿಚಯಪತ್ರಗಳಲ್ಲಿ ಜಾಗತಿಕ ಮಟ್ಟದ ನ್ಯಾಯವಾದಿಗಳನ್ನು ನಿರ್ಮಿಸುವ ಸಂಕಲ್ಪವೂ, ಕುಲಪತಿಗಳ ಭಾವಚಿತ್ರವೂ, ಅಣಕು ನ್ಯಾಯಾಲಯ, ಗ್ರಂಥಾಲಯಗಳ ವರ್ಣನೆಯೂ ತಪ್ಪದೆ ಇರುತ್ತವೆ. ಆದರೆ ಆ ಶಾಲೆ ನಿಂತ ನೆಲದ ಕಕ್ಷಿದಾರನು ಯಾವ ಭಾಷೆಯಲ್ಲಿ ತನ್ನ ಸಂಕಟವನ್ನು ಹೇಳಿಕೊಳ್ಳುವನೆಂಬ ವಿಚಾರಕ್ಕೆ ಅಲ್ಲಿ ಎಡೆ ದೊರೆಯುವುದು ವಿರಳ. ಸೊಲ್ಲಾಪುರದಲ್ಲಿ ಕಾನೂನು ಕಲಿಸಹೊರಟವರು, ಹಳೆಯ ದಯಾನಂದ ಕಾನೂನು ಕಾಲೇಜಿನವರಾಗಲಿ, ಹೊಸದಾಗಿ ಬರುವ ಖಾಸಗಿ ವಿದ್ಯಾಪೀಠದವರಾಗಲಿ, ಈ ವಿಚಾರದಿಂದಲೇ ಆರಂಭಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಸೇರಿದ ಅಕ್ಕಲಕೋಟೆ ತಾಲೂಕಿನ ಮೈಂದರ್ಗಿ, ದುಧನಿ, ನಾಗಣಸೂರು ಮೊದಲಾದ ಊರುಗಳಲ್ಲಿ ಮನೆಯ ಮಾತು ಕನ್ನಡ. 1967ರಲ್ಲಿ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವು ಈ ತಾಲೂಕನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು; ಗಡಿಯ ವ್ಯಾಜ್ಯವಾದರೋ 2004ರಿಂದ ಸರ್ವೋಚ್ಚ ನ್ಯಾಯಾಲಯದ ಮುಂದಿದೆ. ಅದು ಹೇಗೆ ಮುಗಿದರೂ ಮುಗಿಯಲಿ, ಬಾಂದಿನ ಜಗಳಕ್ಕೋ ವಾಟಣಿಯ ದಾವೆಗೋ ಇಂದು ಕೋರ್ಟಿನ ಮೆಟ್ಟಿಲೇರುವ ರೈತನ ಕೈಯಲ್ಲಿರುವ ಸಾತಬಾರಾ ಉತಾರ, ಅಂದರೆ ಜಮೀನಿನ ದಾಖಲೆ, ಮರಾಠಿಯಲ್ಲಿದೆ, ಗ್ರಾಮಲೆಕ್ಕಿಗನಾದ ತಲಾಠಿಯ ದಫ್ತರವೂ ಮರಾಠಿಯಲ್ಲಿದೆ, ಆತನು ಕನ್ನಡದಲ್ಲಿ ನುಡಿದ ಸಾಕ್ಷ್ಯವೂ ಮತ್ತೊಂದು ಭಾಷೆಯ ದಾಖಲೆಯಾಗಿಯೇ ನ್ಯಾಯಾಧೀಶರೆದುರಿಗೆ ಉಳಿಯುವುದು. ಕ್ರಿಮಿನಲ್ ಮೊಕದ್ದಮೆಗಳಲ್ಲಾದರೋ, ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಆತನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ವಿವರಿಸಬೇಕೆಂದು 1973ರ ದಂಡಪ್ರಕ್ರಿಯಾ ಸಂಹಿತೆಯ 279ನೆಯ ಕಲಮು ವಿಧಿಸಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯೂ ಆ ರಕ್ಷಣೆಯನ್ನು ಉಳಿಸಿಕೊಂಡಿದೆ. ಆದರೆ ಎರಡು ಭಾಷೆಗಳನ್ನೂ ಕಾನೂನಿನ ಮರ್ಮವನ್ನೂ ಒಟ್ಟಿಗೆ ಬಲ್ಲವರಿಲ್ಲದಿದ್ದರೆ ಆ ಕಲಮಿನಿಂದ ಬಡವನಿಗೆ ಆಗುವ ಪ್ರಯೋಜನವೇನು?

ಈ ಪಟ್ಟಣಕ್ಕೆ ಕಾನೂನಿನ ಸ್ಮೃತಿ ಸಾಮಾನ್ಯವಾದುದಲ್ಲ. 1930ರ ಮೇ ತಿಂಗಳಲ್ಲಿ ಇಲ್ಲಿ ಸೇನಾಶಾಸನ ಘೋಷಿತವಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ ಎಂಬ ನಾಲ್ವರು ಆ ದಿನಗಳ ಘಟನೆಗಳಿಗಾಗಿ ವಿಚಾರಣೆಗೊಳಗಾಗಿ 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದರು. ವಿಚಾರಣೆಯ ವಿಧಿ ನಡೆದಮಾತ್ರದಿಂದ ನ್ಯಾಯವು ನಡೆದಂತಾಗುವುದಿಲ್ಲವೆಂಬುದನ್ನು ರಕ್ತಮೂಲ್ಯ ತೆತ್ತು ಕಲಿತ ಊರಿನಲ್ಲಿ, ವಿದ್ಯಾರ್ಥಿಯು ಪ್ರಥಮ ವರ್ಷದಲ್ಲಿಯೇ ಆ ಮೊಕದ್ದಮೆಯನ್ನು ಅಭ್ಯಸಿಸಬೇಡವೆ?

ಸಂಸ್ಥೆಯನ್ನು ಕಟ್ಟಿದವರು ಖಾಸಗಿಯವರೆಂಬುದು ನನ್ನ ಆಕ್ಷೇಪವಲ್ಲ. 1939ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯು ಆರಂಭಿಸಿದ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯವೂ ಸರ್ಕಾರದ ಸೃಷ್ಟಿಯಲ್ಲ; ಮುಂದೆ ಭಾರತದ ಮುಖ್ಯ ನ್ಯಾಯಾಧೀಶರಾದ ಇ. ಎಸ್. ವೆಂಕಟರಾಮಯ್ಯನವರು ಅಲ್ಲಿ ಓದಿದರು. ಸಂಸ್ಥೆಗೆ ಬೇಕಾದುದು ಸರಿಯಾದ ನೇತೃತ್ವ; ನೇತೃತ್ವವೆಂದರೆ ಹುದ್ದೆಯಲ್ಲ, ದೃಷ್ಟಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪ್ರಥಮ ನಿರ್ದೇಶಕರಾದ ಎನ್. ಆರ್. ಮಾಧವ ಮೆನನ್ನರು ಕಾನೂನು ನೆರವಿನ ಕೆಲಸವನ್ನು ಪಾಠದ ಅಂಗವಾಗಿಸಿದ್ದು ಇಂಥ ದೃಷ್ಟಿಯಿಂದ.

ಸಂವಿಧಾನಕ್ಕೆ 1976ರಲ್ಲಿ ಸೇರಿದ 39ಎ ಅನುಚ್ಛೇದವು ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯೆಂದಿತು. ವಕೀಲ ಪರಿಷತ್ತಿನ 2008ರ ನಿಯಮಗಳಂತೆ ಪ್ರತಿಯೊಂದು ಕಾನೂನು ಕಾಲೇಜಿನಲ್ಲಿಯೂ ನೆರವಿನ ಕೇಂದ್ರವಿರತಕ್ಕದ್ದು. ಆ ಕೇಂದ್ರವು ಸೊಲ್ಲಾಪುರದ ಆವರಣದೊಳಗೇ ಕುಳಿತಿರದೆ ವಾರಕ್ಕೊಮ್ಮೆ ಅಕ್ಕಲಕೋಟೆಗೆ, ತಿಂಗಳಿಗೊಮ್ಮೆ ದುಧನಿಗೆ ಹೋಗಲಿ. ತಾಲೂಕಿನ ಕನ್ನಡ ಶಾಲೆಗಳಲ್ಲಿ ಓದಿ ಮರಾಠಿಯನ್ನೂ ಬಲ್ಲ ತರುಣ ತರುಣಿಯರಿಗೆ ಪ್ರವೇಶದಲ್ಲಿ ವಿದ್ಯಾರ್ಥಿವೇತನ ದೊರೆಯಲಿ, ಏಕೆಂದರೆ ಇಂಥ ಶಾಲೆಯ ನಿಜವಾದ ಸಾಮರ್ಥ್ಯ ಅವರೇ. ಪದವಿಗೆ ಮುನ್ನ ಪ್ರತಿಯೊಬ್ಬನೂ ಒಂದು ಖರೀದಿಪತ್ರವನ್ನೂ ಒಂದು ಪಂಚನಾಮೆಯನ್ನೂ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ನಿಷ್ಕೃಷ್ಟವಾಗಿ ಬರೆಯಬಲ್ಲವನಾಗಲಿ. 2025ರ ಆಗಸ್ಟಿನಿಂದ ಸೊಲ್ಲಾಪುರ ಜಿಲ್ಲೆಯ ಉಚ್ಚ ನ್ಯಾಯಾಲಯದ ಪ್ರಕರಣಗಳು ಮುಂಬಯಿಗೆ ಬದಲಾಗಿ ಕೊಲ್ಲಾಪುರದ ಸಂಚಾರಿ ಪೀಠದಲ್ಲಿ ನಡೆಯುತ್ತಿವೆ. ಅಕ್ಕಲಕೋಟೆಯ ರೈತನ ಅಪೀಲಿನೊಡನೆ ಆತನ ಮಾತು ವಿಕೃತವಾಗದೆ ಅಲ್ಲಿಗೆ ತಲಪಬೇಕಾದರೆ, ಅದನ್ನು ಬರೆದುಕೊಳ್ಳುವವರ ಶಿಕ್ಷಣ ಈ ವರ್ಷವೇ ಆರಂಭವಾಗಬೇಕು.